ಚಿಕ್ಕಮಗಳೂರಿನ ಮನೆ, ಅಂಗಡಿ, ಹೋಂಸ್ಟೇಗಳಲ್ಲಿ ವೈಫೈ ಕೈಕೊಡದಿರಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿಗೆ ಸಿಕ್ಕಾಗ, ಪತ್ರಗಳಲ್ಲಿ, ಫೋನ್ ಸಂದೇಶಗಳಲ್ಲಿ ಚಿಕ್ಕಮಗಳೂರಿನ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇವೆ. ನಮ್ಮ ಗಮನ ವೇಗದ ಮೇಲಲ್ಲ. ಮಳೆ ಹಿಡಿದರೂ, ಕರೆಂಟ್ ಹೋದರೂ, ಮನೆ ತುಂಬ ನೆಂಟರಿದ್ದರೂ ನೆಟ್ ನಿಲ್ಲಬಾರದು, ಅಷ್ಟೇ. ತೊಂದರೆ ಯಾವ ಕೊಂಡಿಯಲ್ಲಿದೆ ಎಂದು ನೋಡದೆ ದೊಡ್ಡ ಪ್ಲಾನಿಗೆ ದುಡ್ಡು ಸುರಿಯುವವರೇ ಹೆಚ್ಚು. ಆ ದುಡ್ಡು ಉಳಿಯಲಿ ಎಂಬುದೇ ನಮ್ಮ ಆಸೆ.

## ಶುರುವಿನ ಪ್ರಶ್ನೆಗಳು

ವೈಫೈ ಫುಲ್ ಕಡ್ಡಿ ತೋರಿಸುತ್ತೆ, ಆದ್ರೂ ನೆಟ್ ಇಲ್ಲ. ಇದೇನು?

ಆ ಕಡ್ಡಿಗಳು ಹೇಳುವುದು ನಿಮ್ಮ ಫೋನಿಗೂ ರೂಟರಿಗೂ ನಡುವಿನ ಸಂಗತಿಯನ್ನು ಮಾತ್ರ. ರೂಟರಿನಿಂದಾಚೆ ಕಂಬ, ಕಂಬದಿಂದಾಚೆ ಕೇಬಲ್‌ನವರ ಆಫೀಸು, ಅಲ್ಲಿಂದಾಚೆ ಬೆಂಗಳೂರಿನ ಕಡೆಗೋ ಮಂಗಳೂರಿನ ಕಡೆಗೋ ಹೋಗುವ ಮುಖ್ಯ ಫೈಬರ್ ಇದೆ. ಇವುಗಳಲ್ಲಿ ಯಾವುದು ತುಂಡಾದರೂ ಫೋನಿನ ಕಡ್ಡಿ ಒಂದೂ ಕಡಿಮೆಯಾಗುವುದಿಲ್ಲ.

ತೊಂದರೆ ನಮ್ಮ ಮನೆಯದ್ದೋ ಕೇಬಲ್‌ನವರದ್ದೋ ಅಂತ ಗೊತ್ತಾಗೋದು ಹೇಗೆ ಸಾರ್?

ಫೋನ್ ಮಾಡುವ ಮೊದಲು ಫೈಬರ್ ಬಂದು ಸೇರುವ ಡಬ್ಬಿಯ ದೀಪಗಳನ್ನು ನೋಡಿ. ‘ಎಲ್‌ಒಎಸ್’ ಎಂದು ಬರೆದಿರುವ ದೀಪ ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿಣುಕುತ್ತಿದ್ದರೆ ಬೆಳಕು ಮನೆಗೆ ಬರುತ್ತಲೇ ಇಲ್ಲ ಎಂದರ್ಥ. ಎಳೆ ಎಲ್ಲೋ ತುಂಡಾಗಿದೆ, ಮಡಚಿದೆ, ಇಲ್ಲವೇ ಕನೆಕ್ಟರ್ ಸಡಿಲವಾಗಿದೆ. ‘ಪಾನ್’ ದೀಪ ಬಿಡದೆ ಮಿಣುಕುತ್ತಿದ್ದರೆ ಬೆಳಕು ಬರುತ್ತಿದೆ, ಆದರೆ ಆ ಕಡೆಯ ಯಂತ್ರ ನಿಮ್ಮ ಡಬ್ಬಿಯನ್ನು ಇನ್ನೂ ಒಪ್ಪಿಕೊಂಡಿಲ್ಲ. ಪಾನ್ ಸ್ಥಿರವಾಗಿದ್ದು ‘ಇಂಟರ್ನೆಟ್’ ದೀಪ ಮಾತ್ರ ಇಲ್ಲದಿದ್ದರೆ ಲಾಗಿನ್ ಆಗಿಲ್ಲ, ಬಿಲ್ ಬಾಕಿ ಇದೆ, ಅಥವಾ ಮೇಲಿನ ಲೈನು ಬಿದ್ದಿದೆ.

ದೀಪಗಳೆಲ್ಲ ಸರಿಯಿದ್ದೂ ನೆಟ್ ತಡವರಿಸುತ್ತಿದ್ದರೆ ಲ್ಯಾಪ್‌ಟಾಪನ್ನು ರೂಟರಿನ ಪಕ್ಕಕ್ಕೆ ತಂದು ಎರಡು ಕಡೆಗೆ ಪಿಂಗ್ ಮಾಡಿ, ಅಂದರೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡಿ: ಒಂದು ರೂಟರಿನ ವಿಳಾಸಕ್ಕೆ, ಅದು ಸಾಮಾನ್ಯವಾಗಿ 192.168.1.1, ಇನ್ನೊಂದು ಹೊರಗಿನ ಗೂಗಲ್ ವಿಳಾಸ 8.8.8.8ಕ್ಕೆ. ತಲಾ ನೂರು ಸಲ ಕಳಿಸಿ. ರೂಟರಿನಿಂದಲೇ ಉತ್ತರ ತಪ್ಪುತ್ತಿದ್ದರೆ ತೊಂದರೆ ನಿಮ್ಮ ವೈಫೈಯದು. ರೂಟರ್ ಒಂದೂ ತಪ್ಪಿಸದೆ 8.8.8.8 ಮಾತ್ರ ತಪ್ಪಿಸುತ್ತಿದ್ದರೆ ಕೇಬಲ್‌ನವರಿಗೆ ಫೋನ್ ಮಾಡಿ, ನೂರರಲ್ಲಿ ಎಷ್ಟು ತಪ್ಪಿತು ಎಂದು ಲೆಕ್ಕ ಹೇಳಿ. ‘ನೆಟ್ ಸರಿಯಿಲ್ಲ’ ಎಂಬ ದೂರಿಗಿಂತ ಈ ಲೆಕ್ಕಕ್ಕೆ ಬೇಗ ಕೆಲಸ ಆಗುತ್ತದೆ.

100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೀವಿ, ಡೌನ್‌ಲೋಡ್ ಆಗುವಾಗ 11 ಅಂತ ತೋರಿಸುತ್ತೆ. ಮೋಸ ಅಲ್ವಾ?

ಅಲ್ಲ. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಡೌನ್‌ಲೋಡ್ ಲೆಕ್ಕ ಬೈಟ್‌ನಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್. 100 ಅನ್ನು 8ರಿಂದ ಭಾಗಿಸಿದರೆ 12.5 ಬರುತ್ತದೆ, ಸಾಗಾಟದ ಖರ್ಚು ಕಳೆದು 11 ಬಂದರೆ ನಿಮಗೆ ಸಿಗಬೇಕಾದದ್ದು ಸಿಕ್ಕಿದೆ.

ಮನೇಲಿ ನಾಲ್ಕು ಜನ ಇದ್ದೀವಿ. ಎಷ್ಟು ಸ್ಪೀಡ್ ಬೇಕು?

ಒಂದು ಒಳ್ಳೆಯ ವಿಡಿಯೊ ಕಾಲಿಗೆ 3ರಿಂದ 4 ಎಂಬಿಪಿಎಸ್, ಅದೂ ಬರುವ ಕಡೆಗೆ ಮತ್ತು ಹೋಗುವ ಕಡೆಗೆ ಎರಡಕ್ಕೂ. ಟಿವಿಯಲ್ಲಿ 4ಕೆ ಸಿನಿಮಾಕ್ಕೆ 15ರಿಂದ 25. ಎಲ್ಲ ಒಟ್ಟಿಗೆ ನಡೆದರೂ 50 ಎಂಬಿಪಿಎಸ್ ಧಾರಾಳ. 50ರ ಪ್ಲಾನಿನಲ್ಲಿ ಮೀಟಿಂಗ್ ಕಟ್ ಆಗುತ್ತಿದ್ದರೆ 200ರ ಪ್ಲಾನಿನಲ್ಲೂ ಬಹುತೇಕ ಕಟ್ ಆಗುತ್ತದೆ, ಏಕೆಂದರೆ ಕಾರಣ ಬೇರೆ ಇರುತ್ತದೆ.

## ಮನೆಯೊಳಗೆ

ರೂಟರ್ ಎಲ್ಲಿ ಇಡ್ಬೇಕು? ಅವರು ಬಾಗಿಲ ಪಕ್ಕ ಮೂಲೆಲಿ ಹಾಕಿ ಹೋಗಿದ್ದಾರೆ.

ಫೈಬರ್ ಎಲ್ಲಿ ಒಳಗೆ ಬರುತ್ತದೋ ಅಲ್ಲೇ ಮೊಳೆ ಹೊಡೆದು ಹೋಗುವುದು ಲೈನ್‌ಮನ್‌ಗೆ ಸುಲಭ. ನಿಮಗೆ ಬೇಕಾದದ್ದು ಮನೆಯ ನಡುಭಾಗ, ನೆಲದಿಂದ ಐದಾರು ಅಡಿ ಎತ್ತರ, ಸುತ್ತ ಖಾಲಿ ಜಾಗ. ಹತ್ತು ಹದಿನೈದು ಮೀಟರ್ ಹೆಚ್ಚು ಫೈಬರ್ ಎಳೆಸಲು ಆಗುವ ಖರ್ಚು ಹೊಸ ರೂಟರಿನ ಬೆಲೆಗಿಂತ ಎಷ್ಟೋ ಕಡಿಮೆ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮೇಲೆ, ಫ್ರಿಜ್ಜಿನ ಪಕ್ಕ, ದೊಡ್ಡ ಕನ್ನಡಿಯ ಎದುರು ಇಡಬೇಡಿ. ಲೋಹ ಸಿಗ್ನಲ್ಲನ್ನು ತಡೆದು ತಿರುಗಿಸುತ್ತದೆ, ನೀರು ಹೀರಿಕೊಳ್ಳುತ್ತದೆ; ಹಾಗಾಗಿ ಮಹಡಿಯ ನೀರಿನ ಟ್ಯಾಂಕೂ ಒಂದು ಗೋಡೆ ಇದ್ದಂತೆಯೇ.

ಊರಿನ ಹಳೆಯ ಭಾಗಗಳಲ್ಲಿರುವ ಹಂಚಿನ ಮನೆಗಳ ಲೆಕ್ಕ ಬೇರೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ 5 ಗಿಗಾಹರ್ಟ್ಸಿನ ವೈಫೈ ತರಂಗವನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಆದರೆ ಇಂಥ ಎಷ್ಟೋ ಮನೆಗಳಲ್ಲಿ ಒಳಗೋಡೆಗಳು ಮಾಡಿನವರೆಗೆ ಹೋಗಿರುವುದಿಲ್ಲ. ರೂಟರನ್ನು ಅಟ್ಟದ ಎತ್ತರಕ್ಕೆ ಏರಿಸಿದರೆ ಸಿಗ್ನಲ್ ಗೋಡೆಗಳ ನೆತ್ತಿಯ ಮೇಲಿಂದ ಎಲ್ಲ ಕೋಣೆಗಳಿಗೂ ಇಳಿಯುತ್ತದೆ. ಅಟ್ಟದಲ್ಲಿ ಇಲಿ ಕಡಿಯದಂತೆ ಫೈಬರನ್ನು ಪಿವಿಸಿ ಪೈಪಿನೊಳಗೆ ತನ್ನಿ. ಮಾಡು ಸೋರುವ ಜಾಗವಾದರೆ ಅದರ ಕೆಳಗಂತೂ ಬೇಡ.

2.4 ಅಂತ ಒಂದು, 5 ಅಂತ ಒಂದು ಹೆಸರು ಬರುತ್ತೆ. ಯಾವುದಕ್ಕೆ ಹಾಕ್ಬೇಕು?

ಇವು ವೈಫೈ ಬಳಸುವ ಎರಡು ತರಂಗ ಪಟ್ಟಿಗಳು, 2.4 ಮತ್ತು 5 ಗಿಗಾಹರ್ಟ್ಸ್. ರೂಟರ್ ಇರುವ ಕೋಣೆಯಲ್ಲಿ ಮತ್ತು ಅದರ ಪಕ್ಕದ ಕೋಣೆಯಲ್ಲಿ 5. ಎರಡು ಗೋಡೆ ದಾಟಿದ ಮೇಲೆ 2.4. ಲ್ಯಾಪ್‌ಟಾಪ್, ಟಿವಿ, ಹೊಸ ಫೋನುಗಳನ್ನು 5ಕ್ಕೆ ಹಾಕಿ. ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ನಂಥವನ್ನು 2.4ರಲ್ಲಿ ಬಿಡಿ. ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ. ಅಡುಗೆಮನೆಯಲ್ಲಿ ಅದು ಓಡುವಾಗ ಪಕ್ಕದ ಕೋಣೆಯ ಕ್ಲಾಸ್ ಕಟ್ ಆಗುವುದಕ್ಕೆ ಅದೇ ಕಾರಣ.

ಬೆಳಗ್ಗೆ ಚೆನ್ನಾಗಿರುತ್ತೆ, ಸಂಜೆ ಏಳರ ಮೇಲೆ ಸುತ್ತುತ್ತಾ ಇರುತ್ತೆ. ಯಾಕೆ?

ಎರಡು ಕಾರಣ ಇರಬಹುದು. ಒಂದು, ಕೇಬಲ್‌ನವರ ಲೈನಿನಲ್ಲೇ ಆ ಹೊತ್ತಿಗೆ ಜನ ಹೆಚ್ಚು. ಇನ್ನೊಂದು, ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಒಂದೇ ಚಾನೆಲ್ಲಿನಲ್ಲಿ, ಅಂದರೆ ತರಂಗ ಪಟ್ಟಿಯ ಒಂದೇ ಓಣಿಯಲ್ಲಿ, ಕಿರುಚಾಡುತ್ತಿರುವುದು. ಬೇರ್ಪಡಿಸುವುದು ಸುಲಭ: ಸಂಜೆ ಎಂಟಕ್ಕೆ ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರ ರೂಟರಿಗೆ ಸಿಕ್ಕಿಸಿ ವೇಗ ಅಳೆಯಿರಿ. ವೈರಿನಲ್ಲೂ ಕಡಿಮೆ ಬಂದರೆ ಮೊದಲನೆಯದು. ವೈರಿನಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ಕಡಿಮೆಯಾದರೆ ಎರಡನೆಯದು.

ಬಸವನಹಳ್ಳಿ, ಜಯನಗರದಂಥ ಒತ್ತೊತ್ತಾಗಿ ಮನೆಗಳಿರುವ ಕಡೆ ಒಂದೇ ಜಾಗದಲ್ಲಿ ನಿಂತು ಹುಡುಕಿದರೆ ಹತ್ತಿಪ್ಪತ್ತು ವೈಫೈ ಹೆಸರು ಬರುವುದು ಸಾಮಾನ್ಯ. 2.4ರಲ್ಲಿ 20 ಮೆಗಾಹರ್ಟ್ಸ್ ಅಗಲ ಇಟ್ಟರೆ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ವೈಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿ, ಈ ಮೂರರಲ್ಲಿ ಕಡಿಮೆ ಜನ ಇರುವುದನ್ನು ಆರಿಸಿ. 3, 4, 8 ಎಂದು ನಡುವಿನವನ್ನು ಹಿಡಿದರೆ ಎರಡೂ ಕಡೆಯವರ ಗದ್ದಲ ನಿಮಗೇ. 40 ಮೆಗಾಹರ್ಟ್ಸ್ ಎಂದಿದ್ದರೆ 20ಕ್ಕೆ ಇಳಿಸಿ. ತೋರಿಕೆಯ ವೇಗ ಅರ್ಧವಾದರೂ ತಡವರಿಸುವುದು ನಿಲ್ಲುತ್ತದೆ.

5 ಗಿಗಾಹರ್ಟ್ಸಿನಲ್ಲಿ ಜಾಗ ಧಾರಾಳ. 2018ರಲ್ಲಿ ನಮ್ಮ ದೇಶದಲ್ಲಿ ಈ ಪಟ್ಟಿಯ ಇನ್ನಷ್ಟು ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. 36ರಿಂದ 48 ಅಥವಾ 149ರಿಂದ 161 ಆರಿಸಿ. 52ರಿಂದ 144ರ ನಡುವಿನ ಚಾನೆಲ್ಲುಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಕೇಳಿಸಿದಂತಾದರೆ ರೂಟರ್ ಆ ಚಾನೆಲ್ ಬಿಟ್ಟು ಹೋಗಲೇಬೇಕು, ಹೊಸದು ಹಿಡಿಯುವ ಮುನ್ನ ಒಂದು ನಿಮಿಷ ಸುಮ್ಮನೆ ಕೇಳುತ್ತ ಕೂರಬಹುದು. ಕಾರಣವಿಲ್ಲದೆ 5ರ ಹೆಸರು ಮಾಯವಾಗಿ ಮತ್ತೆ ಬರುತ್ತಿದ್ದರೆ ಇದನ್ನು ಮೊದಲು ನೋಡಿ.

ಮಹಡಿ ಮೇಲೆ ಸಿಗಲ್ಲ. ರಿಪೀಟರ್ ಹಾಕಿಸ್ಲಾ, ಮೆಶ್ ಹಾಕಿಸ್ಲಾ?

ಸಾಧ್ಯವಾದರೆ ಲ್ಯಾನ್ ವೈರ್ ಎಳೆಸಿ ಮೇಲೆ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಡಬ್ಬಿ, ಇಡಿಸಿ. ಮೂವತ್ತು-ನಲವತ್ತರ ಸೈಟಿನ ಡ್ಯೂಪ್ಲೆಕ್ಸ್ ಮನೆಗೆ ಕೆಳಗೊಂದು, ಮೇಲೊಂದು ಸಾಕು. ಗಾಳಿಯಲ್ಲಿ ಕೇಳಿ ಗಾಳಿಯಲ್ಲೇ ಹೇಳುವ ರಿಪೀಟರಿಗೆ ಪ್ರತಿ ಮಾತನ್ನೂ ಎರಡು ಸಲ ಆಡಬೇಕು. ವೇಗ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಿಗ್ನಲ್ ಸಿಗದ ಕೋಣೆಯಲ್ಲೇ ಇಟ್ಟವರಿಗಂತೂ ಏನೂ ಸಿಗುವುದಿಲ್ಲ, ಅದಕ್ಕೇ ಕೇಳಿಸದಿದ್ದರೆ ಅದು ಹೇಳುವುದೇನು? ಮೆಶ್ (ಒಂದೇ ಜಾಲವಾಗಿ ಕೂಡಿ ಕೆಲಸ ಮಾಡುವ ಹಲವು ರೂಟರುಗಳು) ಆದರೂ ರಿಪೀಟರ್ ಆದರೂ ನಡುದಾರಿಯಲ್ಲಿ, ಮೂಲ ರೂಟರಿನ ಬಲ ಮೈನಸ್ 65 ಡಿಬಿಎಂಗಿಂತ ಕೆಳಗೆ ಹೋಗದ ಕಡೆ ಇಡಬೇಕು. (ಡಿಬಿಎಂ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ.) ಮೆಟ್ಟಿಲಿನ ತಿರುವು ಬಹಳ ಮನೆಗಳಲ್ಲಿ ಸರಿಯಾದ ಜಾಗ, ಅಲ್ಲಿ ತಾರಸಿಯ ಕಾಂಕ್ರೀಟ್ ಅಡ್ಡ ಬರುವುದಿಲ್ಲ.

ವೈರ್ ಎಳೆಸಿದ್ವಿ. ಆದ್ರೂ 94ರ ಮೇಲೆ ಹೋಗ್ತಾ ಇಲ್ಲ.

94 ಎಂದರೆ ಆ ವೈರು 100 ಎಂಬಿಪಿಎಸ್‌ನ ಲಿಂಕಿನಲ್ಲಿ ನಿಂತಿದೆ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟು ಎಳೆಗಳೂ ಬೇಕು. ನಾಲ್ಕೇ ಎಳೆ ಕೂಡಿದ್ದರೆ, ಅಥವಾ ಎಂಟರಲ್ಲಿ ಒಂದು ತುದಿಗೆ ತಲುಪದಿದ್ದರೆ, ಎರಡು ಕಡೆಯ ಯಂತ್ರಗಳೂ ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ತುದಿಯ ಪಾರದರ್ಶಕ ಜಾಕನ್ನು, ಅದರ ಕೊಕ್ಕೆ ಕೆಳಗಿರುವಂತೆ ಹಿಡಿದು ಎಡದಿಂದ ನೋಡಿ: ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎಂಟೂ ಎಳೆಗಳ ತುದಿ ಜಾಕಿನ ಮುಂಗೋಡೆಗೆ ಮುಟ್ಟಿರಬೇಕು, ಹೊರಗಿನ ಸಿಪ್ಪೆ ಜಾಕಿನೊಳಗೆ ಸಿಕ್ಕಿರಬೇಕು. ಹಸಿರು ಜೋಡಿಯನ್ನು ಅಕ್ಕಪಕ್ಕ ಇಟ್ಟು ಒತ್ತುವುದು ಸಾಮಾನ್ಯ ತಪ್ಪು.

ಕೊಳ್ಳುವಾಗ ಕ್ಯಾಟ್ 6, ಪೂರ್ತಿ ತಾಮ್ರದ್ದು ಎಂದು ಕೇಳಿ. ಅಗ್ಗದ ಸುರುಳಿಯಲ್ಲಿ ಬರುವುದು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅಂಥದ್ದು ಬಗ್ಗಿಸಿದ ಕಡೆ ಮುರಿಯುತ್ತದೆ.

ಮೇಲೆ ಹೋದ್ರೂ ಫೋನು ಕೆಳಗಿನ ರೂಟರನ್ನೇ ಹಿಡ್ಕೊಂಡಿರುತ್ತೆ. ಏನ್ಮಾಡ್ಲಿ?

ಯಾವ ರೂಟರ್ ಹಿಡಿಯಬೇಕು ಎಂದು ತೀರ್ಮಾನಿಸುವುದು ಫೋನು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು ಚಾನೆಲ್ ಬೇರೆ ಬೇರೆ ಮಾಡಿ. ಆಮೇಲೆ ಎರಡರ ಪ್ರಸಾರ ಬಲವನ್ನೂ ‘ಮೀಡಿಯಂ’ಗೆ ಇಳಿಸಿ. ಬಲ ಇಳಿಸಿದರೆ ನಷ್ಟ ಎನಿಸಬಹುದು, ಆದರೆ ಕೆಳಗಿನದು ಮೇಲೆ ಕ್ಷೀಣವಾಗಿ ಕೇಳಿಸಿದಾಗ ಮಾತ್ರ ಫೋನು ಅದನ್ನು ಬಿಡುತ್ತದೆ.

## ಕರೆಂಟ್, ಮಳೆ, ಸಿಡಿಲು

ಇನ್ವರ್ಟರ್ ಇದೆ. ಆದ್ರೂ ಕರೆಂಟ್ ಹೋದ ತಕ್ಷಣ ರೂಟರ್ ಆಫ್ ಆಗಿ ಆನ್ ಆಗುತ್ತೆ.

ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಆ ಕ್ಷಣದ ಅಂತರವನ್ನು ಫ್ಯಾನು, ಬಲ್ಬು ತಾಳುತ್ತವೆ. ಕೆಲವು ರೂಟರು ತಾಳುವುದಿಲ್ಲ. ಅನೇಕ ಇನ್ವರ್ಟರುಗಳ ಹಿಂಭಾಗದಲ್ಲೋ ಪಕ್ಕದಲ್ಲೋ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೊ’ ಎಂಬ ಗುಂಡಿ ಇರುತ್ತದೆ. ಯುಪಿಎಸ್ ಕಡೆಗೆ ತಳ್ಳಿದರೆ ಬದಲಾವಣೆ ಬೇಗ ಆಗುತ್ತದೆ. ಅದರಿಂದಲೂ ಆಗದಿದ್ದರೆ ರೂಟರಿಗೆಂದೇ ಬರುವ ಮಿನಿ ಯುಪಿಎಸ್ ಹಾಕಿ.

ಮಿನಿ ಯುಪಿಎಸ್ ಎಷ್ಟು ಹೊತ್ತು ಬರುತ್ತೆ? ಯಾವುದು ತಗೊಳ್ಳೋದು?

ಅಡಾಪ್ಟರಿನ ಮೇಲಿನ ಬರಹ ಓದಿ. 12 ವೋಲ್ಟ್ ಎಂದಿದ್ದರೆ 12ರದ್ದೇ ಬೇಕು, 9ರದ್ದು ನಡೆಯುವುದಿಲ್ಲ. ಆಂಪಿಯರ್ ಸಮ ಇರಲಿ ಅಥವಾ ಹೆಚ್ಚಿರಲಿ. ಪಿನ್ನಿನ ಒಳಭಾಗ ಪ್ಲಸ್ ಎಂಬ ಚಿತ್ರ ಎರಡರಲ್ಲೂ ಹೊಂದಬೇಕು.

ಹೊತ್ತಿನ ಲೆಕ್ಕ ಹೀಗೆ. 2000 ಎಂಎಎಚ್‌ನ ಮೂರು ಲಿಥಿಯಂ ಸೆಲ್ಲುಗಳಿದ್ದರೆ ಒಟ್ಟು ಸುಮಾರು 22 ವಾಟ್-ಅವರ್. ಫೈಬರ್ ಡಬ್ಬಿಯೂ ವೈಫೈಯೂ ಒಂದರಲ್ಲೇ ಇರುವ ರೂಟರು ಏಳೆಂಟು ವಾಟ್ ಎಳೆಯುತ್ತದೆ. ಸೋರಿಕೆ ಕಳೆದರೆ ಎರಡೂವರೆ ಗಂಟೆ. ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು ‘ಯುಪಿಎಸ್ ಇದ್ರೂ ನೆಟ್ ಬರಲ್ಲ’ ಎನ್ನುವವರು ಬಹಳ. ಪೆಟ್ಟಿಗೆಯ ಮೇಲಿನ 10,000 ಎಂಎಎಚ್ ಎಂಬುದು 3.7 ವೋಲ್ಟಿನ ಲೆಕ್ಕ, 12 ವೋಲ್ಟಿಗೆ ಅದು ಮೂರನೇ ಒಂದು ಭಾಗದಷ್ಟೇ. ಎರಡು ಮೂರು ವರ್ಷಕ್ಕೆ ಸೆಲ್ಲು ಸೊರಗುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಪ್ಲಗ್ ಕಿತ್ತು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ನೋಡಿ ಪರೀಕ್ಷಿಸಿ.

ಯುಪಿಎಸ್ ಸರಿಯಾಗೇ ಇದೆ, ರೂಟರ್ ದೀಪ ಉರೀತಿದೆ. ಬೀದಿಲಿ ಕರೆಂಟ್ ಹೋದ್ರೆ ನೆಟ್ ಮಾತ್ರ ಹೋಗುತ್ತೆ.

ಕೇಬಲ್‌ನವರು ಎರಡು ರೀತಿಯಲ್ಲಿ ಜಾಲ ಕಟ್ಟುತ್ತಾರೆ. ಒಂದರಲ್ಲಿ ಬೀದಿಯ ಕಂಬದಲ್ಲಿ ಬೆಳಕನ್ನು ಹಂಚುವ ಗಾಜಿನ ಸ್ಪ್ಲಿಟರ್ ಮಾತ್ರ, ಅದಕ್ಕೆ ಕರೆಂಟ್ ಬೇಡ. ಇನ್ನೊಂದರಲ್ಲಿ ಕಂಬದ ಡಬ್ಬಿಯೊಳಗೆ ಸ್ವಿಚ್ ಇರುತ್ತದೆ, ಯಾರದೋ ಮನೆಯಿಂದ ಅದಕ್ಕೆ ಕರೆಂಟ್ ಕೊಟ್ಟಿರುತ್ತಾರೆ. ಮೆಸ್ಕಾಂ ಲೈನ್ ಹೋದರೆ ಅದೂ ಹೋಗುತ್ತದೆ, ನಿಮ್ಮ ಯುಪಿಎಸ್ ಏನೂ ಮಾಡಲಾರದು. ಕನೆಕ್ಷನ್ ತೆಗೆದುಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು: ‘ಆಫೀಸಿನಿಂದ ನಮ್ಮ ಮನೆವರೆಗೆ ಕರೆಂಟ್ ಬೇಕಾಗೋ ಡಬ್ಬಿ ಎಲ್ಲೆಲ್ಲಿದೆ? ಅದಕ್ಕೆ ಬ್ಯಾಟರಿ ಇದೆಯಾ?’ ಉತ್ತರ ತಡವರಿಸಿದರೆ ಬೇರೆಯವರನ್ನು ವಿಚಾರಿಸಿ.

ಜೂನ್ ಬಂದ್ರೆ ಸಾಕು, ನೆಟ್ ಶುರುವಾಗುತ್ತೆ ನಿಲ್ಲುತ್ತೆ. ಫೈಬರಿಗೆ ಮಳೆ ಏನು ಮಾಡುತ್ತೆ?

ಗಾಜಿನೆಳೆಗೆ ಮಳೆ ಏನೂ ಮಾಡುವುದಿಲ್ಲ. ಹಾಳಾಗುವುದು ಕೂಡಿಸಿದ ಜಾಗಗಳು. ಕಂಬದ ಜಾಯಿಂಟ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂರದೆ ನೀರು ಇಳಿಯುತ್ತದೆ, ಕನೆಕ್ಟರಿನ ಮೂತಿಗೆ ತೇವ, ಕೊಳೆ ಕೂರುತ್ತದೆ. ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಕೋತಿಗಳು ಕೇಬಲ್ ಹಿಡಿದು ಜೋಲಾಡಿದ ಕಡೆ ಎಳೆ ಒಳಗೊಳಗೇ ಬಿರುಕು ಬಿಡುತ್ತದೆ; ಬಿಸಿಲಿನಲ್ಲಿ ಕೆಲಸ ಮಾಡಿ ಮಳೆಯಲ್ಲಿ ಕೈಕೊಡುವ ಲೈನುಗಳಲ್ಲಿ ಇಂಥವೂ ಇರುತ್ತವೆ.

ನೀವು ಮಾಡಬಹುದಾದದ್ದು: ಬೇಸಿಗೆಯ ಒಂದು ಒಳ್ಳೆಯ ದಿನ ಬ್ರೌಸರಿನಲ್ಲಿ ಫೈಬರ್ ಡಬ್ಬಿಯ ಸೆಟ್ಟಿಂಗ್ಸ್ ಪುಟ ತೆರೆದು ‘ಆರ್‌ಎಕ್ಸ್ ಪವರ್’, ಅಂದರೆ ಡಬ್ಬಿಗೆ ತಲುಪುವ ಬೆಳಕಿನ ಬಲ, ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಇದ್ದರೆ ನೆಮ್ಮದಿ. ಮೈನಸ್ 27 ಮುಟ್ಟಿದರೆ ಅಂಚಿನಲ್ಲಿದ್ದೀರಿ. ಮಳೆಯ ದಿನ ಅದು 3 ಡಿಬಿ ಕುಸಿದರೆ ಬೆಳಕಿನ ಅರ್ಧ ಎಲ್ಲೋ ಸೋರಿಹೋಗಿದೆ. ಆ ಎರಡು ಅಂಕಿ ಹೇಳಿ ಜಾಯಿಂಟ್ ನೋಡಲು ಕೇಳಿ.

ಕೇಬಲ್ ಗೋಡೆಯೊಳಗೆ ನುಗ್ಗುವ ಮುಂಚೆ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಬೇಕು, ಆಗ ನೀರು ತೊಟ್ಟಿಕ್ಕಿ ಹೊರಗೇ ಬೀಳುತ್ತದೆ. ತೂತನ್ನು ಸಿಲಿಕೋನ್‌ನಿಂದ ಮುಚ್ಚಿ. ಒಳಗೆ ಉಳಿದ ಫೈಬರನ್ನು ಆರು ಸೆಂಟಿಮೀಟರ್ ಅಗಲಕ್ಕಿಂತ ಸಣ್ಣ ಸುರುಳಿ ಸುತ್ತಬೇಡಿ. ಹಸಿರು ಮೂತಿಯ ಕನೆಕ್ಟರಿಗೆ ನೀಲಿ ಮೂತಿಯದನ್ನು ಸಿಕ್ಕಿಸಿದರೆ ಕೂತಂತೆ ಕಾಣುತ್ತದೆ, ಆದರೆ ಗಾಜಿನ ಕೋನ ಹೊಂದದೆ ಬೆಳಕು ಸೋರುತ್ತದೆ. ಬೆಳಕು ಹರಿಯುತ್ತಿರುವ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿಯಲೇಬೇಡಿ. ಆ ಬೆಳಕು ಕಾಣಿಸದು, ಕಣ್ಣಿಗೆ ಅಪಾಯ.

ಏಪ್ರಿಲ್-ಮೇ ಸಿಡಿಲಿಗೆ ರೂಟರ್ ಸುಡುತ್ತೆ. ಫೈಬರ್ ಅಲ್ವಾ, ಕರೆಂಟ್ ಎಲ್ಲಿಂದ ಬಂತು?

ಮೂರು ದಾರಿಗಳಿವೆ: ಅಡಾಪ್ಟರ್, ಮಹಡಿಗೋ ಕ್ಯಾಮೆರಾಕ್ಕೋ ಹೊರಗಿನಿಂದ ಎಳೆದ ತಾಮ್ರದ ಲ್ಯಾನ್ ವೈರ್, ಮತ್ತು ಫೈಬರ್ ಕೇಬಲ್ಲಿನ ಜೊತೆ ಬರುವ ಉಕ್ಕಿನ ತಂತಿ. ಆ ಉಕ್ಕಿನ ತಂತಿಯನ್ನು ಮನೆಯ ಹೊರಗೇ ಕೊಕ್ಕೆಗೆ ಕಟ್ಟಿ ಅಲ್ಲಿಗೇ ಕತ್ತರಿಸಬೇಕು, ಒಳಗೆ ತರಬಾರದು. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯುವ ಬದಲು ಲೋಹವಿಲ್ಲದ ಫೈಬರ್ ಎಳೆಸಿ. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ. ಗುಡುಗು ಶುರುವಾದರೆ ಅಡಾಪ್ಟರ್ ಮತ್ತು ಹೊರಗಿನ ಲ್ಯಾನ್ ವೈರ್ ಎರಡನ್ನೂ ಕಿತ್ತಿಡಿ. ಒಂದನ್ನೇ ಕಿತ್ತರೆ ಸಾಲದು.

ದಿನಕ್ಕೆ ನಾಲ್ಕೈದು ಸಲ ತಾನಾಗೇ ರೀಸ್ಟಾರ್ಟ್ ಆಗುತ್ತೆ. ರೂಟರ್ ಹಾಳಾಯ್ತಾ?

ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಅಡಾಪ್ಟರಿನೊಳಗಿನ ಕೆಪಾಸಿಟರ್ ಒಣಗಿದರೆ ಭಾರ ಬಿದ್ದಾಗ 12 ವೋಲ್ಟ್ ಕುಸಿಯುತ್ತದೆ. ರೂಟರ್ ಓಡುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ ಅಳೆದು 11.4ಕ್ಕಿಂತ ಕಡಿಮೆ ಬಂದರೆ ಅಡಾಪ್ಟರಿನದೇ ತಪ್ಪು.

## ಮೊಬೈಲ್ ಟವರ್ ನಂಬಿದವರಿಗೆ

ಅಂಗಳದಲ್ಲಿ ಟವರ್ ಸಿಗುತ್ತೆ, ಮನೆಯೊಳಗೆ ಸಿಗಲ್ಲ. ಬೂಸ್ಟರ್ ಹಾಕಿಸಬಹುದಾ?

ಸೋರದಿರಲೆಂದು ತಾರಸಿಯ ಮೇಲೆ ತಗಡಿನ ಶೀಟ್ ಹೊದಿಸಿದ ಮನೆಗಳಲ್ಲಿ ಇದು ಆಗುವುದೇ. ಶೀಟ್ ಮೇಲಿನಿಂದ ಬರುವ ಸಿಗ್ನಲ್ಲನ್ನು ಪೂರ್ತಿ ತಡೆಯುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಬೂಸ್ಟರನ್ನು ಅನುಮತಿಯಿಲ್ಲದೆ ಹಾಕಿಸುವುದು ಕಾನೂನುಬಾಹಿರ. ಮೊಬೈಲ್ ಕಂಪನಿಗಳಿಗೆ ಮಾತ್ರ ಅವಕಾಶ. ಕಾನೂನು ಬದಿಗಿರಲಿ, ಅದು ಟವರಿನ ಕಿವಿಗೆ ಗದ್ದಲ ತುಂಬಿ ಇಡೀ ಬೀದಿಯ ಕಾಲ್ ಕೆಡಿಸುತ್ತದೆ. ಮನೆಯಲ್ಲಿ ಫೈಬರ್ ಇದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಟವರ್ ಒಂದು ಕಡ್ಡಿಯೂ ಇಲ್ಲದ ಕೋಣೆಯಲ್ಲಿ ಅದೇ ನಂಬರಿಗೆ ಕಾಲ್ ಬರುತ್ತದೆ, ಹೋಗುತ್ತದೆ.

ನಮ್ಮ ಕಡೆ ಫೈಬರ್ ಇನ್ನೂ ಬಂದಿಲ್ಲ. ಸಿಮ್ ಹಾಕೋ ರೂಟರ್ ನಂಬಬಹುದಾ?

ನಂಬಬಹುದು, ಸರಿಯಾದ ಜಾಗದಲ್ಲಿ ಇಟ್ಟರೆ. ಕಡ್ಡಿ ಎಣಿಸಬೇಡಿ. ರೂಟರಿನ ಪುಟದಲ್ಲಿ ‘ಆರ್‌ಎಸ್‌ಆರ್‌ಪಿ’ ಮತ್ತು ‘ಸಿನರ್’ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಬಲ: ಮೈನಸ್ 90ರೊಳಗಿದ್ದರೆ ಉತ್ತಮ, ಮೈನಸ್ 110 ದಾಟಿದರೆ ಕಷ್ಟ. ಎರಡನೆಯದು ಸ್ವಚ್ಛತೆ: 13ರ ಮೇಲಿದ್ದರೆ ಚೆನ್ನ, ಸೊನ್ನೆಯ ಹತ್ತಿರ ಬಂದರೆ ಬಲ ಎಷ್ಟಿದ್ದರೂ ಪ್ರಯೋಜನವಿಲ್ಲ. ಬಲಕ್ಕಿಂತ ಸ್ವಚ್ಛತೆಗೆ ಬೆಲೆ ಕೊಡಿ. ಪ್ರತಿ ಕಿಟಕಿಯಲ್ಲೂ ರೂಟರನ್ನು ಎರಡು ನಿಮಿಷ ಇಟ್ಟು ಸಿನರ್ ಬರೆದುಕೊಂಡು, ಹೆಚ್ಚು ಬಂದ ಕಿಟಕಿಯನ್ನು ಆರಿಸಿ.

ಹೊರಗೆ ಆಂಟೆನಾ ಹಾಕುವುದಾದರೆ ಎರಡು ಬೇಕು, ಒಂದು 45 ಡಿಗ್ರಿ ಎಡಕ್ಕೆ, ಇನ್ನೊಂದು 45 ಡಿಗ್ರಿ ಬಲಕ್ಕೆ ವಾಲಿರಬೇಕು. ಆಂಟೆನಾ 10 ಡಿಬಿ ಗಳಿಸಿಕೊಟ್ಟರೂ ತೆಳ್ಳಗಿನ ಕೇಬಲ್ ಹತ್ತು ಮೀಟರಿನಲ್ಲಿ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ತಿಂದುಹಾಕುತ್ತದೆ. ಹಾಗಾಗಿ ಹೊರಾಂಗಣಕ್ಕೆಂದೇ ಮಾಡಿದ ರೂಟರನ್ನು ಕಂಬದಲ್ಲೇ ಆಂಟೆನಾ ಪಕ್ಕ ಕೂರಿಸಿ, ಕೆಳಗೆ ಲ್ಯಾನ್ ವೈರ್ ಇಳಿಸುವುದು ಜಾಣತನ.

ಶನಿವಾರ-ಭಾನುವಾರ ಮೊಬೈಲ್ ನೆಟ್ ಯಾಕೆ ಇಷ್ಟು ಸ್ಲೋ? ಮಳೆ ಬಂದ್ರೂ ಹಂಗೇ.

ಒಂದು ಟವರಿನ ಸಾಮರ್ಥ್ಯವನ್ನು ಅಲ್ಲಿರುವವರೆಲ್ಲ ಹಂಚಿಕೊಳ್ಳಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಬಂದ ಪ್ರವಾಸಿಗರೂ ಅದರಲ್ಲೇ ಪಾಲುದಾರರು. ಮಳೆಯ ಸಂಗತಿ ಬೇರೆ. ಫೋನು ಬಳಸುವ ತರಂಗಕ್ಕೆ ಮಳೆ ಲೆಕ್ಕಕ್ಕಿಲ್ಲ. ಆದರೆ ಫೈಬರ್ ತಲುಪದ ಗುಡ್ಡದ ಟವರುಗಳು ಒಂದಕ್ಕೊಂದು 15, 23 ಗಿಗಾಹರ್ಟ್ಸಿನಂಥ ಮೈಕ್ರೊವೇವ್ ಲಿಂಕಿನಲ್ಲಿ ಕೂಡಿರುತ್ತವೆ, ಆ ತರಂಗಗಳನ್ನು ಜೋರು ಮಳೆ ಹೀರುತ್ತದೆ. ಕಡ್ಡಿ ತುಂಬಿದ್ದೂ ನೆಟ್ ಬರದಿರುವುದಕ್ಕೆ ಇದೂ ಒಂದು ಕಾರಣ.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ಮಗ ಫೋಟೊ ಬ್ಯಾಕಪ್ ಹಾಕಿದ್ರೆ ನನ್ನ ಮೀಟಿಂಗ್ ಕಟ್ ಆಗುತ್ತೆ. ಸ್ಪೀಡ್ ಟೆಸ್ಟ್ ಮಾತ್ರ ಚೆನ್ನಾಗೇ ಬರುತ್ತೆ.

ರೂಟರಿನಲ್ಲಿ ಹೊರಹೋಗುವ ಮಾಹಿತಿಯ ಸಾಲು ಉದ್ದವಾಗಿದೆ. ಚಾರ್ಮಾಡಿ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ಆಂಬುಲೆನ್ಸ್ ಸಿಕ್ಕಿಕೊಂಡಂತೆ ನಿಮ್ಮ ದನಿ ಫೋಟೊಗಳ ಹಿಂದೆ ನಿಂತಿದೆ. ಪತ್ತೆ ಹಚ್ಚಲು 8.8.8.8ಕ್ಕೆ ಪಿಂಗ್ ಹಾಕಿಟ್ಟು ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್ ಮಾಡಿ. 20 ಮಿಲಿಸೆಕೆಂಡ್ ಇದ್ದದ್ದು 300, 500ಕ್ಕೆ ಹಾರಿದರೆ ಇದೇ ರೋಗ.

ಮದ್ದು: ಹೊರಹೋಗುವ, ಒಳಬರುವ ಮಾಹಿತಿಯ ಸಾಲನ್ನು ನಿಭಾಯಿಸುವ ರೂಟರಿನ ‘ಕ್ಯುಒಎಸ್’ ಅಥವಾ ‘ಎಸ್‌ಕ್ಯುಎಂ’ ಪುಟದಲ್ಲಿ ಅಪ್‌ಲೋಡ್ ಮತ್ತು ಡೌನ್‌ಲೋಡ್ ಮಿತಿಯನ್ನು ನೀವು ಅಳೆದ ನಿಜವಾದ ವೇಗದ 85ರಿಂದ 90 ಶೇಕಡಾಕ್ಕೆ ನಿಲ್ಲಿಸಿ. ಪ್ಲಾನಿನ ಅಂಕಿಯನ್ನಲ್ಲ, ಸಂಜೆಯ ಹೊತ್ತು ವೈರಿನಲ್ಲಿ ಅಳೆದದ್ದನ್ನು ಹಾಕಿ. ಎಸ್‌ಕ್ಯುಎಂನಲ್ಲಿ ‘ಕೇಕ್’ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಹತ್ತು ಶೇಕಡಾ ವೇಗ ಬಿಟ್ಟುಕೊಟ್ಟು ಕಟ್ ಆಗದ ಮೀಟಿಂಗ್ ಪಡೆಯುವುದು ಒಳ್ಳೆಯ ವ್ಯಾಪಾರ.

ಕೆಲವು ಸೈಟ್ ತೆರೆಯುತ್ತೆ, ಕೆಲವು ತೆರೆಯೋದೇ ಇಲ್ಲ. ಬ್ಯಾಂಕಿನದ್ದು ಅರ್ಧಕ್ಕೆ ನಿಲ್ಲುತ್ತೆ.

ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಕೂಡಿಸುವ ಪಿಪಿಪಿಒಇ ಲೈನಿನಲ್ಲಿ ಮಾಹಿತಿಯ ಪ್ರತಿ ಕಟ್ಟಿಗೂ 8 ಬೈಟ್ ಹೆಚ್ಚುವರಿ ಹೊದಿಕೆ ಬೇಕು. ಹಾಗಾಗಿ ರೂಟರಿನ ‘ಎಂಟಿಯು’, ಅಂದರೆ ಒಂದು ಕಟ್ಟಿನ ಗರಿಷ್ಠ ಗಾತ್ರ, 1500 ಅಲ್ಲ, 1492 ಇರಬೇಕು. ಬೇರೆ ರೂಟರ್ ಹಾಕಿಕೊಂಡ ಮೇಲೆ ಈ ತೊಂದರೆ ಶುರುವಾಗಿದ್ದರೆ ಮೊದಲು ಇದನ್ನೇ ನೋಡಿ.

ಎರಡು ಕನೆಕ್ಷನ್ ಇಟ್ಕೊಂಡ್ರೆ ನಿಶ್ಚಿಂತೆ ಅಲ್ವಾ?

ಎರಡೂ ಒಂದೇ ಕಂಬದ ಮೇಲೆ ಬಂದರೆ ಅಲ್ಲ. ಒಂದು ಕೊಂಬೆ ಬಿದ್ದರೆ, ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಸಲ ಅಗೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದು ಫೈಬರ್, ಇನ್ನೊಂದು ಬೇರೆ ಕಂಪನಿಯ 4ಜಿ ಅಥವಾ 5ಜಿ ಸಿಮ್, ಇದು ಹೆಚ್ಚು ಭರವಸೆಯ ಜೋಡಿ. ಹೊರಗಿನ ಲೈನು ಕೂಡಿಸುವ ‘ವ್ಯಾನ್’ ಕಿಂಡಿ ಎರಡಿರುವ ರೂಟರಿನಲ್ಲಿ ‘ಫೇಲ್‌ಓವರ್’ (ಒಂದು ಬಿದ್ದರೆ ತಾನೇ ಇನ್ನೊಂದಕ್ಕೆ ಹೋಗುವುದು) ಆಯ್ಕೆ ಮಾಡಿ. ಪರೀಕ್ಷೆಯ ವಿಳಾಸವಾಗಿ 8.8.8.8 ಮತ್ತು 1.1.1.1 ಎರಡನ್ನೂ ಕೊಡಿ. ವೈರು ಸಿಕ್ಕಿಸಿದೆಯೇ ಎಂದಷ್ಟೇ ನೋಡುವ ರೂಟರು, ಫೈಬರ್ ಡಬ್ಬಿಗೆ ಕರೆಂಟ್ ಇರುವ ತನಕ ಎಲ್ಲ ಸರಿಯಿದೆ ಎಂದೇ ತಿಳಿದಿರುತ್ತದೆ. ತಿಂಗಳಿಗೊಮ್ಮೆ ಫೈಬರ್ ಕಿತ್ತು, ಸಿಮ್ ಎಷ್ಟು ಸೆಕೆಂಡಿಗೆ ಎದ್ದಿತು ಎಂದು ನೋಡಿ. ಸಿಮ್ಮಿನ ರೀಚಾರ್ಜ್ ಮುಗಿದಿದೆ ಎಂಬುದು ಅದು ಬೇಕಾದ ದಿನವೇ ಬಯಲಾಗುತ್ತದೆ.

ಹೋಂಸ್ಟೇ ಇದೆ. ಎಂಟು ರೂಮು ತುಂಬಿದ್ರೆ ಯಾರಿಗೂ ನೆಟ್ ಸಿಗಲ್ಲ, ರಿವ್ಯೂ ಕೆಡುತ್ತೆ.

ಎಂಟು ರೂಮಿಗೆ ಇಪ್ಪತ್ತು ಜನ, ನಲವತ್ತು ಸಾಧನ. ಕೇಬಲ್‌ನವರು ಕೊಟ್ಟ ಡಬ್ಬಿ ಅಷ್ಟು ಭಾರ ಹೊರುವುದಿಲ್ಲ. ಅದರ ವೈಫೈ ಆಫ್ ಮಾಡಿ, ಹಿಂದೆ ಒಂದು ಒಳ್ಳೆಯ ರೂಟರ್, ಲ್ಯಾನ್ ವೈರಿನಲ್ಲೇ ಕರೆಂಟನ್ನೂ ಕೊಡುವ ಒಂದು ಪಿಒಇ ಸ್ವಿಚ್, ಮೂರ್ನಾಲ್ಕು ರೂಮಿಗೊಂದು ಸೀಲಿಂಗ್ ಆ್ಯಕ್ಸೆಸ್ ಪಾಯಿಂಟ್ ಹಾಕಿಸಿ. ಪಿಒಇಯಲ್ಲಿ 48 ವೋಲ್ಟಿನದೂ ಇದೆ, 24 ವೋಲ್ಟಿನ ಪ್ಯಾಸಿವ್ ಕೂಡ ಇದೆ, ಬೆರೆಸಿದರೆ ಸುಡುತ್ತದೆ.

ಒಬ್ಬರಿಗೆ 5ರಿಂದ 10 ಎಂಬಿಪಿಎಸ್ ಮಿತಿ ಹಾಕಿ. ಅತಿಥಿಗಳ ವೈಫೈ ಬೇರೆ, ನಿಮ್ಮ ಬಿಲ್ಲಿಂಗ್ ಮತ್ತು ಕ್ಯಾಮೆರಾದ್ದು ಬೇರೆ ಇರಲಿ. ನಿನ್ನೆ ಹೋದವರ ಫೋನುಗಳು ಹಿಡಿದಿಟ್ಟ ವಿಳಾಸಗಳಿಂದ ಪಟ್ಟಿ ತುಂಬಿ ಹೊಸಬರಿಗೆ ‘ಐಪಿ ಸಿಗುತ್ತಿಲ್ಲ’ ಎಂದು ಬರುವುದುಂಟು. ಡಿಎಚ್‌ಸಿಪಿ ಲೀಸ್ ಅವಧಿಯನ್ನು, ಅಂದರೆ ಒಂದು ಫೋನಿಗೆ ವಿಳಾಸ ಮೀಸಲಿಡುವ ಅವಧಿಯನ್ನು, ಎರಡು ಗಂಟೆಗೆ ಇಳಿಸಿದರೆ ಅದು ತೀರುತ್ತದೆ.

ಮನೆಯಿಂದ ಒಂದು ಕಿಲೋಮೀಟರ್ ದೂರದ ಗೋಡೌನಿಗೆ ವೈರ್‌ಲೆಸ್ಸಲ್ಲೇ ನೆಟ್ ಒಯ್ಯಬಹುದಾ?

ಒಯ್ಯಬಹುದು, ಕಣ್ಣಿಗೆ ಕಣ್ಣು ಕಂಡರೆ. 5.8 ಗಿಗಾಹರ್ಟ್ಸಿನ ಡಿಶ್ ಜೋಡಿ ಸಾಕು. ಆದರೆ ಇನ್ನೊಂದು ತುದಿ ಕಂಡ ಮಾತ್ರಕ್ಕೆ ಆಗುವುದಿಲ್ಲ. ನಡುದಾರಿಯಲ್ಲಿ ಆ ನೇರ ಗೆರೆಯ ಸುತ್ತ ಕನಿಷ್ಠ 2.2 ಮೀಟರ್ ಖಾಲಿ ಇರಬೇಕು. ಫೆಬ್ರುವರಿಯಲ್ಲಿ ಕೂರಿಸಿದ ಲಿಂಕು ಜುಲೈಯಲ್ಲಿ ಬೀಳುವುದು ಮಳೆಯಿಂದಲ್ಲ. ಈ ತರಂಗಕ್ಕೆ ಒಂದು ಕಿಲೋಮೀಟರಿನ ಜಡಿಮಳೆಯೂ ದೊಡ್ಡ ಹೊರೆಯಲ್ಲ. ದಾರಿಗೆ ಚಾಚಿದ ಸಿಲ್ವರ್ ಓಕ್ ಕೊಂಬೆಯ ಒದ್ದೆ ಎಲೆಗಳು ಬೀಳಿಸುತ್ತವೆ. ಮರ ಬೆಳೆಯುವ ಲೆಕ್ಕ ಹಿಡಿದು ಕಂಬವನ್ನು ಈಗಲೇ ಎತ್ತರಿಸಿ, ಗಾಳಿಗೆ ತಿರುಗದಂತೆ ಮೂರು ಕಡೆ ತಂತಿ ಎಳೆದು ಬಿಗಿಯಿರಿ. 60 ಗಿಗಾಹರ್ಟ್ಸಿನ ಜೋಡಿಯನ್ನು ಯಾರಾದರೂ ಹೊಗಳಿದರೆ, ಮಲೆನಾಡಿನ ಮಳೆಯಲ್ಲಿ ಇಷ್ಟು ದೂರಕ್ಕೆ ಅದು ಬೇಡವೇ ಬೇಡ.

ಎಷ್ಟು ಸಲ ಹೇಳಿದ್ರೂ ಸರಿ ಮಾಡಲ್ಲ. ಯಾರ ಹತ್ತಿರ ಹೋಗೋದು?

ಫೋನಿನಲ್ಲಿ ಹೇಳಿ ಬಿಡಬೇಡಿ, ದೂರಿಗೆ ಡಾಕೆಟ್ ನಂಬರ್ ಪಡೆಯಿರಿ. ಅವಧಿ ಮುಗಿದರೂ ಸರಿಯಾಗದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಶುಲ್ಕವಿಲ್ಲ. 39 ದಿನದೊಳಗೆ ಅವರು ತೀರ್ಮಾನ ಹೇಳಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮಗಳ ಪ್ರಕಾರ ಒಂದು ಜಿಲ್ಲೆಯಲ್ಲಿ 24 ಗಂಟೆಗಿಂತ ಹೆಚ್ಚು ಹೊತ್ತು ಮೊಬೈಲ್ ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರಿಪೇಯ್ಡ್‌ನವರಿಗೆ ಹೆಚ್ಚುವರಿ ದಿನ ಕೊಡಬೇಕು. ದೂರಿನ ಜೊತೆ ಮೂರು ಸಂಗತಿ ಲಗತ್ತಿಸಿ: ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ನಿಂತಿತ್ತು, ಆಗ ಡಬ್ಬಿಯ ದೀಪಗಳು ಹೇಗಿದ್ದವು ಎಂಬ ಫೋಟೊ, ಮತ್ತು ಆರ್‌ಎಕ್ಸ್ ಪವರ್ ಅಂಕಿ.